ಹುಳು ಹೋಯಿತು, ಸಕ್ಕರೆ ಬಂತು

ಹೆಬ್ಬಾಳದ ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ತಿರುಗಾಡುವವರೆಲ್ಲರೂ ಗಾಳಿಸೇವನೆಗೆಂದು ಬಂದವರಲ್ಲ. ಅನೇಕರು ಡಾಕ್ಟರ ಅಪ್ಪಣೆಯಂತೆ ಬಂದವರು. ಹಿಂದೆ ಇಬ್ಬರು ಹಿರಿಯರು ಕೆರೆಯ ಏರಿಯ ಮೇಲೆ ಎದುರಾದರೆ ಮಳೆಯ ಮಾತು, ಬೆಳೆಯ ಮಾತು ಬರುತ್ತಿತ್ತು. ಈಗ ಬರುವುದು ಊಟಕ್ಕೆ ಮೊದಲಿನ ಅಂಕಿ, ಊಟವಾದ ಮೇಲಿನ ಅಂಕಿ. ಈ ಅಂಕಿಗಳ ಗೋಷ್ಠಿಯಲ್ಲಿ ನನಗೊಬ್ಬ ಹಿರಿಯ ಮಿತ್ರರಿದ್ದಾರೆ. ಆರ್.ಟಿ. ನಗರದಲ್ಲಿ ಮನೆ, ಹುಟ್ಟಿ ಬೆಳೆದದ್ದು ಯಲಹಂಕದ ಆಚೆಯ ಒಂದು ಹಳ್ಳಿ. ಸಕ್ಕರೆ ಕಾಯಿಲೆಯೊಡನೆ ಇಪ್ಪತ್ತು ವರ್ಷದ ಸಂಸಾರ ನಡೆಸಿದವರು.

ಒಂದು ದಿನ ಅವರು ನಡೆಯುತ್ತ ನಡೆಯುತ್ತ ತಟ್ಟನೆ ನಿಂತು ಕೇಳಿದರು: “ಮೇಷ್ಟ್ರೇ, ಹೊಟ್ಟೆಯಲ್ಲಿ ಹುಳು ಇದ್ದವರಿಗೆ ಸಕ್ಕರೆ ಕಾಯಿಲೆ ಬರುವುದು ಕಡಿಮೆಯಂತೆ, ನಿಜವೆ? ನಮ್ಮಮ್ಮ ವರ್ಷಕ್ಕೆರಡು ಸಲ ಹರಳೆಣ್ಣೆ ಕುಡಿಸಿ ನನ್ನ ಹುಳುಗಳನ್ನು ಓಡಿಸದಿದ್ದರೆ ಈ ಕಾಟ ತಪ್ಪುತ್ತಿತ್ತೋ ಏನೋ.” ನಾನು ನಕ್ಕೆ. ಅವರು ನಗಲಿಲ್ಲ. “ನಾಳೆ ಮೊಮ್ಮಗನ ಸ್ಕೂಲಿನಲ್ಲಿ ಹುಳುವಿನ ಮಾತ್ರೆ ಕೊಡುತ್ತಾರಂತೆ. ನಮ್ಮದು ಸಕ್ಕರೆಯ ವಂಶ. ಹುಡುಗನನ್ನು ಕಳಿಸಲೋ ಬೇಡವೋ ಎಂದು ಯೋಚನೆಯಾಗಿದೆ.”

ವೈದ್ಯದ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಕನ್ನಡ ಮೇಷ್ಟರಿಗಿಲ್ಲ. ಆದರೆ ಈ ಪ್ರಶ್ನೆಗೆ ಒಂದು ಚರಿತ್ರೆಯುಂಟು. ಚರಿತ್ರೆಯನ್ನು ಓದಿ ಹೇಳಬಹುದು. ಅಂದು ಸಂಜೆಯಿಂದ ಆ ಕೆಲಸಕ್ಕೆ ತೊಡಗಿದೆ.

ಹುಳುವೂ ಮೇಹವೂ ನಮ್ಮ ದೇಶದಲ್ಲಿ ಬಲು ಹಳೆಯ ಪರಿಚಿತರು. ಕ್ರಿಮಿಗಳನ್ನು ಶಪಿಸಿ ಓಡಿಸುವ ಸೂಕ್ತಗಳು ಅಥರ್ವವೇದದಲ್ಲಿಯೇ ಇವೆ. ಚರಕಸಂಹಿತೆಯನ್ನು ತೆರೆದರೆ ಒಂದು ವಿಚಿತ್ರವಾದ ಹೊಂದಾಣಿಕೆ ಕಾಣುತ್ತದೆ. ಅಲ್ಲಿ ಕ್ರಿಮಿಗಳು ಇಪ್ಪತ್ತು ಬಗೆ. ಪ್ರಮೇಹಗಳೂ ಇಪ್ಪತ್ತು ಬಗೆ. ಮೇಹ ಬರುವ ಮುನ್ನ ರೋಗಿಯ ಮೈಗೂ ಮೂತ್ರಕ್ಕೂ ಇರುವೆ ಮುತ್ತುವುದನ್ನು ಆ ಕಾಲದ ವೈದ್ಯರು ಗಮನಿಸಿದ್ದರು. ಕ್ರಿಮಿಗಳ ವಿಷಯದಲ್ಲಿ ಅವರು ಇನ್ನೊಂದು ಸೂಕ್ಷ್ಮವನ್ನೂ ಕಂಡಿದ್ದರು. ಈ ಇಪ್ಪತ್ತು ಬಗೆಯ ಲೆಕ್ಕ ಹೇಳುವಾಗ, ಹುಟ್ಟಿನಿಂದಲೇ ದೇಹದೊಡನೆ ಇರುವ ‘ಸಹಜ’ ಕ್ರಿಮಿಗಳನ್ನು ಚರಕಸಂಹಿತೆ ಬೇರೆಯಾಗಿ ಎತ್ತಿಡುತ್ತದೆ. ಅವು ವಿಕಾರವನ್ನು ಉಂಟುಮಾಡುವುದಿಲ್ಲವೆಂದು ವ್ಯಾಖ್ಯಾನಕಾರರ ಅಭಿಪ್ರಾಯ. ನಮ್ಮ ದೇಹದೊಳಗಿರುವ ಎಲ್ಲವೂ ಶತ್ರುವಲ್ಲ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಸುಶ್ರುತನ ಚಿಕಿತ್ಸೆ ಇನ್ನೂ ಸ್ವಾರಸ್ಯವಾದದ್ದು. ಬಡವನಾದ ಮೇಹರೋಗಿ ಕಾಲಿಗೆ ಕೆರವಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನವನ್ನೋ ಅದಕ್ಕೂ ಹೆಚ್ಚು ದೂರವನ್ನೋ ನಡೆಯಬೇಕಂತೆ. ಉಳುವುದು, ಬಾವಿ ತೋಡುವುದು, ಹಸುಗಳ ಹಿಂದೆ ಅಲೆಯುವುದು ಇವೂ ಆ ಚಿಕಿತ್ಸೆಯಲ್ಲಿ ಸೇರಿವೆ. ಹೆಬ್ಬಾಳದ ಕೆರೆಯ ಸುತ್ತ ನಡೆಯುವ ನಮ್ಮ ಹಿರಿಯರು ತಿಳಿಯದೆಯೇ ಸುಶ್ರುತನ ಶಿಷ್ಯರಾಗಿದ್ದಾರೆ. ಬೂಟು ಹಾಕಿಕೊಂಡಿರುವುದೊಂದೇ ವ್ಯತ್ಯಾಸ. ಆ ಬರಿಗಾಲಿನ ಮಾತೂ ನೆನಪಿರಲಿ.

ಕನ್ನಡದಲ್ಲಿಯೂ ವೈದ್ಯದ ಪರಂಪರೆ ಸಣ್ಣದಲ್ಲ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ ಅಡಿಗೆ, ತೋಟಗಾರಿಕೆಗಳ ಜೊತೆಗೆ ಮನುಷ್ಯರ ಮತ್ತು ಪಶುಗಳ ಚಿಕಿತ್ಸೆಯನ್ನೂ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು, ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಪುಸ್ತಕ ಓದದ ಮನೆಗಳಲ್ಲಿಯೂ ಮುತ್ತುಗದ ಬೀಜ, ವಾಯುವಿಳಂಗ, ಹರಳೆಣ್ಣೆಗಳು ಗೊತ್ತಿದ್ದವು. ಬೇವಿನ ಚಿಗುರು, ಹಾಗಲಕಾಯಿ ಇವು ಅಜ್ಜಿಯ ವೈದ್ಯದಲ್ಲಿ ಹುಳುವಿಗೂ ಆದವು, ಸಕ್ಕರೆಗೂ ಆದವು. ಕಹಿಯಾದದ್ದು ಎರಡಕ್ಕೂ ಶತ್ರುವೆಂಬುದು ಆ ವೈದ್ಯದ ತರ್ಕ. ಹುಳುವೇ ಸಕ್ಕರೆಗೆ ಶತ್ರುವಾಗಿರಬಹುದೆಂದು ಯಾವ ಅಜ್ಜಿಯೂ ಊಹಿಸಿರಲಾರಳು.

ಹುಳುವಿನ ಮೇಲೆ ನಿಜವಾದ ಯುದ್ಧ ಮೊದಲಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1838ರಲ್ಲಿ ಇಟಲಿಯ ಮಿಲಾನಿನಲ್ಲಿ ಆಂಜೆಲೊ ದುಬಿನಿ ಎಂಬ ವೈದ್ಯನು ಒಂದು ಶವದ ಕರುಳಿನಲ್ಲಿ ಕೊಕ್ಕೆಹುಳುವನ್ನು ಕಂಡನು. 1880ರಲ್ಲಿ ಆಲ್ಪ್ಸ್ ಪರ್ವತದ ಗೊಟ್ಹಾರ್ಡ್ ಸುರಂಗ ಕೊರೆಯುತ್ತಿದ್ದ ಕೂಲಿಗಳು ರಕ್ತವಿಲ್ಲದೆ ಬಿಳಿಚಿಕೊಂಡು ಬಿದ್ದಾಗ, ಅದಕ್ಕೆ ಕಾರಣ ಈ ಹುಳುವೇ ಎಂದು ತಿಳಿಯಿತು. ಅದು ಒಳಹೊಗುವ ದಾರಿ ಯಾವುದೆಂಬುದು ಮಾತ್ರ ಒಗಟಾಗಿತ್ತು. ಕೈರೋ ನಗರದಲ್ಲಿದ್ದ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿಯ ಕೈಮೇಲೆ ಅಕಸ್ಮಾತ್ತಾಗಿ ಮರಿಹುಳುಗಳಿದ್ದ ನೀರು ಚೆಲ್ಲಿತು, ಚರ್ಮ ತುರಿಸಿತು, ಕೆಲವು ವಾರಗಳ ಮೇಲೆ ಆತನ ಮಲದಲ್ಲಿಯೇ ಹುಳುವಿನ ಮೊಟ್ಟೆಗಳು ಕಂಡವು. ಹುಳು ಬಾಯಿಂದಷ್ಟೇ ಅಲ್ಲ, ಬರಿಗಾಲಿನ ಚರ್ಮವನ್ನು ತೂರಿಕೊಂಡೂ ಬರುತ್ತದೆಂದು ಹೀಗೆ ಗೊತ್ತಾಯಿತು.

ಅದರ ಯಾತ್ರೆ ಯಾವ ಸಾಹಸಕಥೆಗೂ ಕಡಿಮೆಯಲ್ಲ. ಬಯಲಿಗೆ ಹೋದವರ ಮಲದಿಂದ ತೇವದ ನೆಲಕ್ಕೆ ಬಿದ್ದ ಮೊಟ್ಟೆ ಒಡೆದು, ಮರಿ ಕೆಲವು ದಿನಗಳಲ್ಲಿ ಬಲಿತು, ಕಾಲ್ಬೆರಳ ಸಂದಿನಿಂದ ರಕ್ತಕ್ಕೆ ಇಳಿಯುತ್ತದೆ. ರಕ್ತದೊಡನೆ ಶ್ವಾಸಕೋಶ ಸೇರಿ, ಅಲ್ಲಿಂದ ಗಂಟಲಿಗೆ ಹತ್ತಿ, ಉಗುಳಿನೊಡನೆ ಹೊಟ್ಟೆಗೆ ಇಳಿದು, ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಂಡು ವರ್ಷಗಟ್ಟಲೆ ಕುಳಿತುಬಿಡುತ್ತದೆ. ಒಂದು ಹುಳು ದಿನಕ್ಕೆ ಕಳೆಯುವ ರಕ್ತ ಜಾತಿಯನ್ನು ನೋಡಿಕೊಂಡು 0.03 ಮಿಲಿಲೀಟರಿನಿಂದ 0.2 ಮಿಲಿಲೀಟರಿನವರೆಗೆ. ಒಂದೆರಡು ಹುಳುಗಳಾದರೆ ಲೆಕ್ಕಕ್ಕಿಲ್ಲ. ನೂರಾರು ಇದ್ದರೆ ಬಸುರಿ ಹೆಂಗಸಿನ ಪ್ರಾಣಕ್ಕೆ ಸಂಚಕಾರ, ಮಗುವಿನ ಬೆಳವಣಿಗೆಗೆ ಕೊಡಲಿ.

ಅಮೆರಿಕದ ರಾಕ್‌ಫೆಲ್ಲರ್ ಧನದಿಂದ 1909ರಲ್ಲಿ ಕೊಕ್ಕೆಹುಳುವಿನ ವಿರುದ್ಧ ಆರಂಭವಾದ ಚಳವಳಿ ಕೆಲವೇ ವರ್ಷಗಳಲ್ಲಿ ಬೇರೆ ದೇಶಗಳಿಗೂ ಹಬ್ಬಿತು. 1920ರ ದಶಕದಲ್ಲಿ ಮದರಾಸು ಪ್ರಾಂತದಲ್ಲಿ ಅದರ ಕೆಲಸ ನಡೆಯಿತು. ಅದೇ ದಶಕದಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿದ್ದ ಏಸಾ ಚಾಂಡ್ಲರ್ ಭಾರತದ ಉದ್ದಗಲಕ್ಕೂ ಕೊಕ್ಕೆಹುಳುವಿನ ಸಮೀಕ್ಷೆ ಮಾಡಿದನು. ಮೈಸೂರು ಸಂಸ್ಥಾನವೂ ಆ ದಶಕದ ಕೊನೆಯ ಹೊತ್ತಿಗೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು, ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯದ ಕೆಲಸಕ್ಕೆ ಕೈಹಾಕಿತು.

ಸ್ವತಂತ್ರ ಭಾರತದಲ್ಲಿ ಈ ಯುದ್ಧ ಮುಂದುವರಿಯಿತು. ನಮ್ಮ ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ನೀರು ಕುಡಿದವರ ಕಾಲಿನಿಂದ ಗಜದುದ್ದದ ದಾರದಂಥ ಹುಳು ಹೊರಬರುತ್ತಿತ್ತು. ಜನ ಅದನ್ನು ನಾರುಹುಣ್ಣು ಎಂದರು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುವುದೇ ಚಿಕಿತ್ಸೆ. ಇದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಬಾವಿಗೆ ಇಳಿಯದಂತೆ ಮಾಡುವುದು ಇಷ್ಟರಿಂದಲೇ ಅದು ಅಳಿಯಿತು. 1996ರಲ್ಲಿ ರಾಜಸ್ಥಾನದಲ್ಲಿ ದೇಶದ ಕೊನೆಯ ರೋಗಿ ಕಂಡುಬಂದ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಕರಾವಳಿಯಲ್ಲಿಯೂ ಬೀದರ ಕಲಬುರಗಿಗಳ ಕಡೆಯೂ ಸೊಳ್ಳೆಯಿಂದ ಹರಡುತ್ತಿದ್ದ ಆನೆಕಾಲು ರೋಗಕ್ಕೆ 2004ರಿಂದ ಊರಿಗೆ ಊರೇ ಮಾತ್ರೆ ನುಂಗುವ ಕ್ರಮ ಬಂತು. ಮಕ್ಕಳ ಹೊಟ್ಟೆಹುಳುವಿಗಾಗಿ 2015ರಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಮೊದಲಾಯಿತು. ನಮ್ಮ ಮಿತ್ರರ ಮೊಮ್ಮಗನಿಗೆ ಕೊಡಲಿದ್ದದ್ದು ಈ ಮಾತ್ರೆಯೇ.

ಪಟ್ಟಣಿಗರಿಗೆ ಈ ಬಿಡುಗಡೆ ಇನ್ನೂ ಬೇಗ ಬಂತು. 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಹರಿಯಿತು. ಆಮೇಲೆ ಕಕ್ಕಸು, ಚರಂಡಿ, ಚಪ್ಪಲಿ, ಕಾಂಕ್ರೀಟು ನೆಲ ಒಂದೊಂದಾಗಿ ಬಂದವು. ಯಲಹಂಕದ ಸುತ್ತ ಬರಿಗಾಲಿನಲ್ಲಿ ರಾಗಿ ಹೊಲ ಹರಗುತ್ತಿದ್ದವರ ಮಕ್ಕಳು ಯಶವಂತಪುರದ ಕಾರ್ಖಾನೆಗಳಿಗೆ ಹೋದರು. ಅವರ ಮಕ್ಕಳು ಕುರ್ಚಿಯ ಮೇಲೆ ಕುಳಿತರು. ಇಂದು ಹೆಬ್ಬಾಳದಿಂದ ವಿಮಾನ ನಿಲ್ದಾಣದವರೆಗೆ ಹೋಗುವ ಮನುಷ್ಯನ ಪಾದ ಮಣ್ಣಿಗೆ ತಾಕುವ ಪ್ರಸಂಗವೇ ಇಲ್ಲ.

ಇದೇ ಕಾಲದಲ್ಲಿ ಸಕ್ಕರೆ ಬಂತು. 1972ರಿಂದ 1975ರವರೆಗೆ ದೇಶದ ಹಲವು ಕೇಂದ್ರಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಮಧುಮೇಹಿಗಳು ನಗರಗಳಲ್ಲಿ ನೂರಕ್ಕೆ 2.1, ಹಳ್ಳಿಗಳಲ್ಲಿ 1.5. 2000ದ ನಗರ ಸಮೀಕ್ಷೆಯಲ್ಲಿ ಬೆಂಗಳೂರಿನ ವಯಸ್ಕರಲ್ಲಿ ನೂರಕ್ಕೆ 12.4. ಪರೀಕ್ಷೆಯ ವಿಧಾನ ಬೇರೆ ಬೇರೆಯಾದ್ದರಿಂದ ಈ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ದಿಕ್ಕು ಯಾವುದೆಂಬುದರಲ್ಲಿ ಸಂದೇಹವಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ.

ಹುಳು ಹೋಯಿತು, ಸಕ್ಕರೆ ಬಂತು. ಇವೆರಡಕ್ಕೂ ಸಂಬಂಧವುಂಟೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಹುಳು ಹೋದ ಕಾಲದಲ್ಲಿಯೇ ನಡಿಗೆಯೂ ಹೋಯಿತು; ರಾಗಿಮುದ್ದೆಯ ಜಾಗಕ್ಕೆ ಬಿಳಿ ಅನ್ನ ಬಂತು; ಆಯುಸ್ಸು ಬೆಳೆಯಿತು; ಮನುಷ್ಯ ದಪ್ಪಗಾದ. ಹಾಗಿದ್ದ ಮೇಲೆ ಹುಳುವನ್ನೇಕೆ ಸಾಕ್ಷಿಗೆ ಕರೆಯಬೇಕು?

ಕರೆಯಬೇಕಾದದ್ದಕ್ಕೆ ಕಾರಣಗಳಿವೆ. 1989ರಲ್ಲಿ ಇಂಗ್ಲೆಂಡಿನ ಡೇವಿಡ್ ಸ್ಟ್ರಾಚನ್ ಎಂಬ ವಿದ್ವಾಂಸರು, ಹೆಚ್ಚು ಒಡಹುಟ್ಟಿದವರಿರುವ ಮಕ್ಕಳಲ್ಲಿ ಹೂಗಾಳಿಯ ನೆಗಡಿ ಕಡಿಮೆಯೆಂದು ತೋರಿಸಿ, ಬಾಲ್ಯದ ಸೋಂಕುಗಳು ಮುಂದೆ ರಕ್ಷಣೆಯಾಗಬಹುದೆಂದು ಸೂಚಿಸಿದರು. ಹತ್ತು ವರ್ಷಗಳ ಮೇಲೆ ಕೇಂಬ್ರಿಜ್ಜಿನ ಆನ್ ಕುಕ್ ಮತ್ತು ಸಂಗಡಿಗರು, ಹುಟ್ಟಿನಿಂದಲೇ ಮಧುಮೇಹಕ್ಕೆ ಒಲಿಯುವ ಒಂದು ತಳಿಯ ಇಲಿಗಳಿಗೆ ಶಿಸ್ಟೊಸೋಮ ಎಂಬ ಹುಳುವನ್ನು ಅಂಟಿಸಿದಾಗ ಆ ಇಲಿಗಳಿಗೆ ರೋಗ ಬರುವುದು ತಪ್ಪಿತೆಂದು ವರದಿ ಮಾಡಿದರು. ಅದು ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೆಯ ಬಗೆಯ ಮಧುಮೇಹ. ನಮ್ಮ ಕೆರೆಯ ದಂಡೆಯವರದು ಎರಡನೆಯ ಬಗೆ.

ಎರಡನೆಯ ಬಗೆಯ ವಿಷಯದಲ್ಲಿ ಗಮನಾರ್ಹವಾದ ಸಾಕ್ಷ್ಯ ನಮ್ಮ ನೆರೆಯಿಂದಲೇ ಬಂದಿದೆ. ಚೆನ್ನೈ ನಗರದಲ್ಲಿ ನಡೆದ ದೊಡ್ಡ ಮಧುಮೇಹ ಸಮೀಕ್ಷೆಯೊಂದರ ರಕ್ತದ ಮಾದರಿಗಳಲ್ಲಿ ಆನೆಕಾಲು ರೋಗದ ಹುಳುವಿನ ಗುರುತನ್ನು ವಿಜ್ಞಾನಿಗಳು ಹುಡುಕಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಧುಮೇಹವಿಲ್ಲದವರಲ್ಲಿ ನೂರಕ್ಕೆ 10.4 ಜನರಲ್ಲಿ ಆ ಗುರುತಿತ್ತು. ಹೊಸದಾಗಿ ಮಧುಮೇಹ ಪತ್ತೆಯಾದವರಲ್ಲಿ 5.7, ಚಿಕಿತ್ಸೆಯಲ್ಲಿದ್ದ ಮಧುಮೇಹಿಗಳಲ್ಲಿ 4.3. ಇಷ್ಟೇ ಅಲ್ಲ, ಹುಳುವಿದ್ದ ಮಧುಮೇಹಿಗಳ ರಕ್ತದಲ್ಲಿ ಉರಿಯೂತವನ್ನು ಕೆರಳಿಸುವ ವಸ್ತುಗಳೂ ಕಡಿಮೆ ಇದ್ದವು. 2015ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲಿ ನಡೆದ ಅಧ್ಯಯನವೊಂದು, ಸ್ಟ್ರಾಂಗೈಲಾಯ್ಡಿಸ್ ಎಂಬ ನೂಲಿನಂಥ ಹುಳುವಿನ ಸೋಂಕಿದ್ದವರಲ್ಲಿ ಮಧುಮೇಹ ಕಡಿಮೆಯೆಂದು ಹೇಳಿತು.

ಉರಿಯೂತಕ್ಕೂ ಸಕ್ಕರೆಗೂ ಏನು ನಂಟು ಎಂದು ಓದುಗರು ಕೇಳಬಹುದು. ನಮ್ಮ ದೇಹದಲ್ಲಿ ಕಾವಲುಪಡೆಯೊಂದಿದೆ. ಗಾಯವಾದಾಗ, ಸೋಂಕು ತಗುಲಿದಾಗ ಅದು ಬೆಂಕಿ ಹಚ್ಚಿ ಶತ್ರುವನ್ನು ಸುಡುತ್ತದೆ. ಕೊಬ್ಬು ಮಿತಿಮೀರಿ ಶೇಖರವಾದ ದೇಹದಲ್ಲಿ ಶತ್ರುವಿಲ್ಲದಿದ್ದರೂ ಈ ಬೆಂಕಿ ಬೂದಿ ಮುಚ್ಚಿದ ಕೆಂಡದಂತೆ ಸದಾ ಉರಿಯುತ್ತಿರುತ್ತದೆ. ಆ ಕಾವಿನಲ್ಲಿ ಇನ್ಸುಲಿನ್ನಿನ ಮಾತನ್ನು ಅಂಗಾಂಗಗಳು ಕೇಳದಾಗುತ್ತವೆ. ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಹುಳುವಿನ ಸ್ವಾರ್ಥ ಬೇರೆ. ವರ್ಷಗಟ್ಟಲೆ ಪರರ ಮನೆಯಲ್ಲಿ ಬಿಡಾರ ಮಾಡಬೇಕಾದ ಅದು ಕಾವಲುಗಾರರನ್ನು ತಣ್ಣಗಿಡಬೇಕು. ಅದಕ್ಕಾಗಿ ತನ್ನ ಮೈಯಿಂದ ಕೆಲವು ವಸ್ತುಗಳನ್ನು ಸೂಸಿ ದೇಹದ ಬೆಂಕಿಯನ್ನು ಸಣ್ಣದು ಮಾಡುತ್ತದೆ. ಹುಳು ಉಳಿಯುವುದಕ್ಕಾಗಿ ಮಾಡಿದ ಉಪಾಯದಿಂದ ಮನೆಯ ಯಜಮಾನನ ಕೆಂಡವೂ ಕೊಂಚ ಆರುತ್ತದೆ. 2011ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಕರುಳಿನ ಹುಳು ತಗುಲಿದ ಮೇಲೆ ಕೊಬ್ಬಿನೊಳಗೆ ಒಂದು ಜಾತಿಯ ಬಿಳಿರಕ್ತಕಣಗಳು ಹೆಚ್ಚಿ, ಸಕ್ಕರೆಯನ್ನು ಅರಗಿಸುವ ಶಕ್ತಿ ಸುಧಾರಿಸಿದ್ದು ಕಂಡುಬಂತು. ಸಾವಿರಾರು ತಲೆಮಾರು ಹುಳುವಿನೊಡನೆಯೇ ಬೆಳೆದ ಕಾವಲುಪಡೆ, ಹುಳು ಹಠಾತ್ತನೆ ಹೋದೊಡನೆ ಲಗಾಮಿಲ್ಲದ ಕುದುರೆಯಾಯಿತೆಂದು ಕೆಲವರ ವಾದ. ‘ಸಹಜ ಕ್ರಿಮಿ’ಯ ಮಾತನ್ನು ಇಲ್ಲಿ ನೆನೆಯದಿರುವುದು ಕಷ್ಟ. ಆದರೆ ಚರಕನಿಗೆ ಇದೆಲ್ಲ ತಿಳಿದಿತ್ತೆಂದು ಜಂಬ ಕೊಚ್ಚುವುದು ಬೇಡ. ಒಳಗಿರುವುದೆಲ್ಲ ವೈರಿಯಲ್ಲವೆಂಬ ಅರಿವು ಅಲ್ಲಿತ್ತು, ಅಷ್ಟು ಸಾಕು.

ಇಷ್ಟು ಕೇಳಿದ ಮೇಲೆ ನಮ್ಮ ಮಿತ್ರರ ಹರಳೆಣ್ಣೆಯ ಕೊರಗು ನ್ಯಾಯವೆಂದು ತೋರಬಹುದು. ಆದರೆ ಪ್ರತಿವಾದಿಯ ಮಾತನ್ನೂ ಕೇಳದೆ ತೀರ್ಪು ಕೊಡಬಾರದು.

ಮೊದಲನೆಯದಾಗಿ, ಚೆನ್ನೈನ ಅಂಕಿಗಳು ಒಂದು ಹೊತ್ತಿನಲ್ಲಿ ತೆಗೆದ ಚಿತ್ರ. ಹುಳುವಿದ್ದುದರಿಂದ ಸಕ್ಕರೆ ಬರಲಿಲ್ಲವೋ, ಸಕ್ಕರೆ ಬಂದ ದೇಹದಲ್ಲಿ ಹುಳು ನೆಲೆಸಲಿಲ್ಲವೋ, ಅಥವಾ ಹುಳುವಿರುವ ಬಡ ಕೇರಿಯ ಜನ ದುಡಿದು ತೆಳ್ಳಗಿದ್ದರೋ, ಚಿತ್ರವೊಂದರಿಂದಲೇ ಹೇಳಲಾಗದು. ಇದನ್ನು ಬಿಡಿಸಬೇಕಾದರೆ ಹುಳುವನ್ನು ತೆಗೆದು ನೋಡಬೇಕು. ಇಂಡೊನೇಷಿಯದ ಫ್ಲೋರೆಸ್ ದ್ವೀಪದ ಹಳ್ಳಿಗಾಡಿನಲ್ಲಿ ಹಾಗೆಯೇ ನೋಡಿದರು. ಅರ್ಧ ಜನಕ್ಕೆ ಮೂರು ತಿಂಗಳಿಗೊಮ್ಮೆ ಹುಳುವಿನ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. 2017ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಮುಖಗಳಿವೆ. ಊರನ್ನು ಒಟ್ಟಾಗಿ ನೋಡಿದರೆ ಇನ್ಸುಲಿನ್ನಿಗೆ ಮೈ ಮಣಿಯುವುದರಲ್ಲಿ ವ್ಯತ್ಯಾಸವಾಗಲಿಲ್ಲ. ನಿಜವಾಗಿ ಹುಳುವಿದ್ದವರನ್ನು ಮಾತ್ರ ಬೇರ್ಪಡಿಸಿ ನೋಡಿದಾಗ, ಮಾತ್ರೆ ನುಂಗಿದವರ ದೇಹ ಇನ್ಸುಲಿನ್ನಿಗೆ ಮಣಿಯುವುದು ಸ್ವಲ್ಪ ಕಡಿಮೆಯಾಗಿತ್ತು. ಸಂಬಂಧವಿದೆ ಎಂಬ ಗುಮಾನಿಗೆ ಇದು ಬಲ. ಆದರೆ ಇದು ಇನ್ಸುಲಿನ್ನಿನ ಅಳತೆಯಲ್ಲಾದ ಬದಲಾವಣೆ. ಮಧುಮೇಹವೇ ಬಂದಿತೆಂದು ಅರ್ಥವಲ್ಲ.

ಎರಡನೆಯದಾಗಿ, ಹುಳು ಕೊಡುವುದಕ್ಕಿಂತ ಕಸಿಯುವುದು ಹೆಚ್ಚು. ಕೊಕ್ಕೆಹುಳು ಕಸಿದ ರಕ್ತದಿಂದ ಮಗು ಸೊರಗುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಕಬ್ಬಿಣಾಂಶ ಕಡಿಮೆಯಾದ ರಕ್ತದಲ್ಲಿ, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆಯೂ ತಪ್ಪು ಅಂಕಿ ತೋರಿಸಬಹುದು. ಆನೆಕಾಲು ರೋಗದ ಹುಳು ಯಾರ ಸಕ್ಕರೆಯನ್ನು ತಡೆಯಿತೋ ಗೊತ್ತಿಲ್ಲ. ಕರಾವಳಿಯಲ್ಲಿ ಅದು ಎಷ್ಟೋ ಹೆಂಗಸರ ಗಂಡಸರ ಬಾಳನ್ನು ಮನೆಯ ಮೂಲೆಗೆ ತಳ್ಳಿದ್ದಂತೂ ಗೊತ್ತು. ಸ್ಟ್ರಾಂಗೈಲಾಯ್ಡಿಸ್ ಹುಳುವಂತೂ, ಬೇರೆ ಕಾಯಿಲೆಗೆಂದು ಸ್ಟೀರಾಯ್ಡ್ ಔಷಧ ತೆಗೆದುಕೊಂಡವರ ದೇಹದಲ್ಲಿ ಕೈಮೀರಿ ಹಬ್ಬಿ ಪ್ರಾಣವನ್ನೇ ತೆಗೆಯಬಲ್ಲದು.

ಮೂರನೆಯದಾಗಿ, ಹುಳುಗಳಿದ್ದ ಕಾಲದಲ್ಲಿಯೂ ಮಧುಮೇಹವಿತ್ತು. ಇರುವೆ ಮುತ್ತುವ ಮೂತ್ರವನ್ನು ನಮ್ಮ ವೈದ್ಯರು ಕಂಡದ್ದು ಹುಳುವಿಲ್ಲದ ನಾಡಿನಲ್ಲಲ್ಲ; ಇಪ್ಪತ್ತು ಬಗೆಯ ಹುಳುವಿದ್ದ ನಾಡಿನಲ್ಲಿ. ಉಂಡು ಕುಳಿತವರಿಗೆ ಅಂದೂ ಅದು ಬರುತ್ತಿತ್ತು.

ವಿಜ್ಞಾನಿಗಳು ಈಗ ಹುಳುವನ್ನಲ್ಲ, ಹುಳುವಿನ ಗುಟ್ಟನ್ನು ಹುಡುಕುತ್ತಿದ್ದಾರೆ. 2023ರಲ್ಲಿ ಆಸ್ಟ್ರೇಲಿಯದಿಂದ ಒಂದು ಪ್ರಯೋಗದ ವರದಿ ಬಂತು. ಇನ್ನೂ ಮಧುಮೇಹ ಬಾರದ, ಆದರೆ ಬರುವ ಲಕ್ಷಣವಿದ್ದ 40 ಸ್ವಯಂಸೇವಕರು. ಅವರಲ್ಲಿ ಕೆಲವರಿಗೆ 20, ಕೆಲವರಿಗೆ 40 ಕೊಕ್ಕೆಹುಳು ಮರಿಗಳನ್ನು ಎಣಿಸಿ ಚರ್ಮದ ಮೇಲೆ ಬಿಟ್ಟು, ಉಳಿದವರಿಗೆ ಬರಿಯ ಹುಸಿಚಿಕಿತ್ಸೆ ಕೊಟ್ಟು ಎರಡು ವರ್ಷ ಕಾದು ನೋಡಿದರು. ಹುಳು ಪಡೆದವರಲ್ಲಿ ಕೆಲವರಿಗೆ ಹೊಟ್ಟೆಯ ತೊಂದರೆಯಾಯಿತು. ಇನ್ಸುಲಿನ್ನಿಗೆ ಮೈ ಮಣಿಯುವುದು ಸುಧಾರಿಸಿತು. ಪ್ರಯೋಗದ ಉದ್ದೇಶ ಮುಖ್ಯವಾಗಿ ಅಪಾಯವುಂಟೇ ಎಂದು ನೋಡುವುದು. ಜನರ ಸಂಖ್ಯೆಯೂ ಸಣ್ಣದು. ಡಾಕ್ಟರ ಕಣ್ಣೆದುರಿನ ಎಣಿಸಿದ ಇಪ್ಪತ್ತು ಹುಳುವಿಗೂ, ಮಗುವಿನ ಹೊಟ್ಟೆಯಲ್ಲಿ ಎಣಿಕೆಯಿಲ್ಲದೆ ಬೆಳೆಯುವ ಹುಳುವಿಗೂ ಅಜಗಜಾಂತರ. ಹುಳು ಸೂಸುವ ವಸ್ತುವನ್ನು ಬೇರ್ಪಡಿಸಿ ಔಷಧವಾಗಿ ಮಾಡಬಹುದೆಂಬುದು ಈ ಎಲ್ಲ ಶ್ರಮದ ಹಿಂದಿರುವ ಆಸೆ. ಹಾವಿನ ವಿಷದಿಂದ ಔಷಧ ಮಾಡುತ್ತಾರೆ. ಹಾಗೆಂದು ಯಾರೂ ತೊಟ್ಟಿಲಿಗೆ ಹಾವನ್ನು ಬಿಡುವುದಿಲ್ಲ.

ಇದನ್ನೆಲ್ಲ ನಾನು ಮಾರನೆಯ ಬೆಳಿಗ್ಗೆ ನಮ್ಮ ಮಿತ್ರರ ಮುಂದೆ ನನಗೆ ತಿಳಿದಷ್ಟು ಹೇಳಿದೆ. ಅವರು ಅರ್ಧ ಸುತ್ತು ಮಾತಿಲ್ಲದೆ ನಡೆದರು. ಆಮೇಲೆ, “ಅಮ್ಮನ ಮೇಲೆ ಸುಮ್ಮನೆ ತಪ್ಪು ಹೊರಿಸಿದೆ” ಎಂದರು. ಅವರ ಹಿಂದಿನವರಾಗಿ ಹುಟ್ಟಿದ ಇಬ್ಬರು ಮಕ್ಕಳು ಉಳಿದಿರಲಿಲ್ಲವಂತೆ. ಉಳಿದ ಒಬ್ಬನನ್ನು ಉಳಿಸಿಕೊಳ್ಳಲು ಆ ತಾಯಿಗೆ ಗೊತ್ತಿದ್ದ ಶಸ್ತ್ರ ಆ ಹರಳೆಣ್ಣೆಯ ಒಳಲೆಯೊಂದೇ. ಆಕೆಯ ಮಗ ಸಕ್ಕರೆ ಕಾಯಿಲೆ ಬರುವಷ್ಟು ಕಾಲ ಬದುಕಿದ್ದು, ಮೊಮ್ಮಗನ ಚಿಂತೆ ಮಾಡುವಷ್ಟು ಕಾಲ ಬದುಕಿದ್ದು, ಆಕೆ ಗೆದ್ದದ್ದರ ಗುರುತು.

ಸುಶ್ರುತನ ಮಾತಿನಲ್ಲಿ ನಡಿಗೆಯನ್ನು ಇಟ್ಟುಕೊಳ್ಳೋಣ, ಬರಿಗಾಲನ್ನು ಬಿಡೋಣ ಎಂದು ನಾನೆಂದೆ. ಅವರು ಗಡಿಯಾರ ನೋಡಿಕೊಂಡರು. “ಎಂಟೂವರೆಗೆ ಸ್ಕೂಲು. ಹುಡುಗನನ್ನು ಇವತ್ತು ನಾನೇ ಬಿಟ್ಟುಬರುತ್ತೇನೆ, ನಡೆದೇ ಹೋಗುತ್ತೇವೆ” ಎಂದು ಹೇಳಿ, ಎಂದಿಗಿಂತ ಒಂದು ಸುತ್ತು ಮುಂಚೆಯೇ ಮನೆಯ ಕಡೆ ತಿರುಗಿದರು.